ಬಸಪ್ಪನ ಟ್ಯೂಬು ಹಳದಿಯಾದ ಚಳಿಗಾಲ

ಲ್ಯಾಬಿನ ಕೆಲಸಕ್ಕೆ ಹೊಸದಾಗಿ ಸೇರಿರುವ ನನ್ನ ತಂಗಿಯ ಮಗಳು ಮೊನ್ನೆ ಕೇಳಿದಳು: "ದೊಡ್ಡಮ್ಮ, ನಿಮ್ ಕಾಲದಲ್ಲಿ ಮಷೀನೇ ಇರ್ಲಿಲ್ವಲ್ಲ, ದಿನವೆಲ್ಲ ಏನ್ ಮಾಡ್ತಿದ್ರಿ?"

"ಉಚ್ಚೆ ಕುದಿಸ್ತಿದ್ದೆ ಕಣೆ" ಅಂದೆ.

ಅವಳು ಮೂಗು ಮುಚ್ಚಿಕೊಂಡು ನಕ್ಕಳು. ನಾನೇನೂ ತಮಾಷೆಗೆ ಹೇಳಿದ್ದಲ್ಲ. ಯಶವಂತಪುರದ ಒಂದು ಕಾರ್ಖಾನೆಯ ಡಿಸ್ಪೆನ್ಸರಿಯಲ್ಲಿ ಎಪ್ಪತ್ತರ ದಶಕದ ಮೊದಲಿಂದ ಎಂಬತ್ತರ ದಶಕ ಮುಗಿಯುವವರೆಗೆ ನಾನು ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ನನ್ನ ಲ್ಯಾಬು ಅಂದರೆ ಒಂದು ಕಿಟಕಿ, ಒಂದು ಕಲ್ಲಿನ ಕಟ್ಟೆ, ಒಂದು ಸ್ಪಿರಿಟ್ ದೀಪ, ಒಂದು ಹಳೇ ಮೈಕ್ರೋಸ್ಕೋಪು. ಅದೇ ಕಟ್ಟೆಯ ಮುಂದೆ ನಿಂತು ಸಾವಿರಾರು ಜನರ ಒಳಗಿನ ಗುಟ್ಟು ನೋಡಿದ್ದೇನೆ. ಬಡ್ತಿ ಸಿಕ್ಕಿದ್ದು ಯಾವಾಗ ಅಂತ ಕೇಳಿದರೆ ನೆನಪಿಲ್ಲ. ಬಸಪ್ಪನ ಟ್ಯೂಬಿನ ಬಣ್ಣ ಕೇಳಿ, ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಈ ಬಣ್ಣದ ವಿಷಯ ಮೊದಲು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮೂತ್ರದಲ್ಲಿ ಸಕ್ಕರೆ ಇದೆಯೇ ಎಂದು ನೋಡಲು ನಮಗೆ ಬೆನೆಡಿಕ್ಟ್ ದ್ರಾವಣ ಎಂಬ ನೀಲಿ ನೀರು ಇತ್ತು. ಅದನ್ನು ಗಾಜಿನ ಟ್ಯೂಬಿಗೆ ಹಾಕಿ, ಮೂತ್ರದ ಕೆಲವು ಹನಿ ಬಿಟ್ಟು, ದೀಪದ ಮೇಲೆ ಕುದಿಸುವುದು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ ಇದೆ, ಹಳದಿಯಾದರೆ ಜಾಸ್ತಿ, ಇಟ್ಟಿಗೆ ಕೆಂಪಾದರೆ ದೇವರೇ ಗತಿ. ನೋಡಿದವರಿಗೆಲ್ಲ ಅರ್ಥವಾಗುವ ಪರೀಕ್ಷೆ ಅದು. ಅದಕ್ಕೇ ಅದರ ಮೇಲೆ ಎಲ್ಲರಿಗೂ ಅಷ್ಟು ನಂಬಿಕೆ, ನನಗೂ ಸೇರಿ.

ಆದರೆ ಟ್ಯೂಬು ನೀವು ಹಾಕಿದ್ದಕ್ಕೆ ಮಾತ್ರ ಉತ್ತರ ಹೇಳುತ್ತದೆ. ಕೆಲಸಗಾರರು ಮನೆಯಿಂದ ಮೂತ್ರ ತರುತ್ತಿದ್ದ ಬಾಟಲಿಗಳನ್ನು ನೀವು ನೋಡಬೇಕಿತ್ತು. ಬ್ರಾಂದಿಯದು, ತಲೆಗೆ ಹಚ್ಚುವ ಎಣ್ಣೆಯದು, ಮಕ್ಕಳ ಗ್ರೈಪ್‌ವಾಟರಿನದು. ಒಮ್ಮೆ ಫೌಂಡ್ರಿಯ ಗಟ್ಟಿಮುಟ್ಟಾದ ಆಳೊಬ್ಬನ ಟ್ಯೂಬು ಇಟ್ಟಿಗೆ ಕೆಂಪಾಯಿತು. ಆತ ಮಗುವಿನಂತೆ ಅಳುತ್ತಾ ಕುಳಿತ. ಆಮೇಲೆ ಬಾಟಲಿ ಮೂಸಿ ನೋಡಿದರೆ ಜೇನುತುಪ್ಪದ ವಾಸನೆ. "ತೊಳ್ದಿದ್ದೆ ಮೇಡಂ, ಬಿಸಿನೀರಲ್ಲೇ ತೊಳ್ದಿದ್ದೆ" ಅಂತ ಆತ ಅಳು ಬಿಟ್ಟು ನಕ್ಕ. ಅಂದಿನಿಂದ ಬಾಟಲಿ ಡಿಸ್ಪೆನ್ಸರಿಯದೇ ಎಂದಾಯಿತು. ಅಲ್ಲಿಗೆ ನಮ್ಮ ಪರೀಕ್ಷೆ ಶುದ್ಧವಾಯಿತು ಅಂದುಕೊಂಡೆವು.

ನಮ್ಮ ಡಾಕ್ಟರು ಮುದ್ದಯ್ಯ ಎಂದು, ಕೊಡಗಿನವರು, ಸೈನ್ಯದಿಂದ ನಿವೃತ್ತರಾಗಿ ಬಂದವರು. ಮೀಸೆ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ರೋಗಿ ಒಳಗೆ ಬಂದ ಕೂಡಲೇ "ಏನ್ ತಿಂದೆ?" ಎಂದು ಗದರುವುದೇ ಅವರ ನಮಸ್ಕಾರ. ಜನ ಹೆದರುತ್ತಿದ್ದರು. ಹೆದರುವ ಜನ ಏನು ಹೇಳುತ್ತಾರೆ, ಏನು ಮುಚ್ಚಿಡುತ್ತಾರೆ ಎನ್ನುವುದು ಅವರಿಗೆ ತಿಳಿದದ್ದು ತಡವಾಗಿ. ಆದರೆ ಒಂದು ಗುಣ ಇತ್ತು. ಅರ್ಥವಾಗದ್ದು ಎದುರಿಗೆ ಬಂದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಆ ಗುಣಕ್ಕಾಗಿ ಅವರ ಬೈಗುಳವನ್ನೆಲ್ಲ ನಾನು ಮನ್ನಿಸಿದ್ದೇನೆ.

ಬಸಪ್ಪ ನಮ್ಮ ಕಾರ್ಖಾನೆ ಬಸ್ಸಿನ ಡ್ರೈವರ್. ಗದಗಿನ ಕಡೆಯವನು, ಹೆಂಡತಿ ಶಾಂತವ್ವನ ಜೊತೆ ಕೊಡಿಗೇಹಳ್ಳಿಯಲ್ಲಿ ಬಾಡಿಗೆ ಮನೆ ಮಾಡಿದ್ದ. ಬೆಳಗ್ಗೆ ಯಲಹಂಕದಿಂದ ಬಸ್ಸು ಹೊರಡಿಸಿ, ಕೊಡಿಗೇಹಳ್ಳಿ ಗೇಟಿನಲ್ಲಿ ಒಂದಷ್ಟು ಜನ ಹತ್ತಿಸಿಕೊಂಡು, ಹೆಬ್ಬಾಳದ ಕೆರೆ ಏರಿ ದಾಟಿ ಯಶವಂತಪುರಕ್ಕೆ ತರುತ್ತಿದ್ದ. ಯಲಹಂಕದಲ್ಲಿ ನನ್ನ ಮನೆ. ನಾನೂ ಅದೇ ಬಸ್ಸಿಗೆ. ಡ್ರೈವರ್ ಹಿಂದಿನ ಮೊದಲ ಸೀಟು ನನ್ನದೇ ಎನ್ನುವ ಹಾಗೆ ಆಗಿತ್ತು. ಬಸಪ್ಪ ಸಂಭಾವಿತ. ಗುಂಡಿ ಬಂದರೆ ಬಸ್ಸಿಗಿಂತ ಮೊದಲು ಅವನ ಕೈಗೆ ಗೊತ್ತಾಗುತ್ತಿತ್ತು, ಗರ್ಭಿಣಿಯರು ಅವನ ಬಸ್ಸನ್ನೇ ಕಾಯುತ್ತಿದ್ದರು.

ಅವನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದದ್ದು ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ. ಡಾಕ್ಟರು ಗುಳಿಗೆ ಶುರು ಮಾಡಿದರು. ಡ್ರೈವರುಗಳಿಗೆ ತಿಂಗಳಿಗೊಮ್ಮೆ ಪರೀಕ್ಷೆ, ಸಕ್ಕರೆ ಹತೋಟಿಗೆ ಬರದಿದ್ದರೆ ಸ್ಟೀರಿಂಗಿನಿಂದ ಇಳಿಸುವುದು ಎಂದು ಕಾರ್ಖಾನೆಯ ನಿಯಮ. ಮಳೆಗಾಲವೆಲ್ಲ ಅವನ ಟ್ಯೂಬು ಚೆಂದದ ನೀಲಿ. ದೀಪಾವಳಿ ಕಳೆದ ಮೇಲೆ ಹಸಿರಾಯಿತು. ಮುಂದಿನ ಸಲ ಹಳದಿ ತಿರುಗಿತು.

"ಹೋಳಿಗೆ ಹೊಡೆದಿದ್ದೀಯ" ಎಂದು ಡಾಕ್ಟರು ಗುಡುಗಿದರು.

"ಇಲ್ರೀ ಸಾಹೇಬ್ರ. ಸಿಹಿ ಮುಟ್ಟಿಲ್ರೀ. ಶಾಂತವ್ವನ್ನ ಬೇಕಾದ್ರ ಕೇಳ್ರಿ."

"ಹೆಂಡ್ತಿ ಯಾವತ್ತು ಗಂಡನ್ನ ಬಿಟ್ಟುಕೊಡ್ತಾಳೆ? ಬೇರೆ ಯಾವ್ದಾದ್ರೂ ಔಷಧಿ ತಗೋತಿದ್ದೀಯ?"

"ಇಲ್ರೀ. ನಿಮ್ಮ ಗುಳಿಗಿ ಒಂದ."

ಡಾಕ್ಟರು ಗುಳಿಗೆ ಹೆಚ್ಚಿಸಿದರು. ಮುಂದಿನ ಪರೀಕ್ಷೆಯಲ್ಲಿ ಮತ್ತೆ ಹಳದಿ. ಗುಳಿಗೆ ಇನ್ನೂ ಹೆಚ್ಚಾಯಿತು. "ಇದೇ ಕೊನೆ ಬಸಪ್ಪ. ಬರೋ ಸಲಾನೂ ಟ್ಯೂಬು ಹೀಗೇ ಬಂದ್ರೆ ನಾನು ಅನ್‌ಫಿಟ್ ಅಂತ ಬರೀಲೇಬೇಕು" ಎಂದರು. ಬಸಪ್ಪ ಹೊರಗೆ ಬಂದು ನನ್ನ ಕಟ್ಟೆಯ ಹತ್ತಿರ ನಿಂತ. "ಅಕ್ಕಾರ, ನಂಗ ಗಾಡಿ ಬಿಟ್ರ ಬ್ಯಾರೇ ಕೆಲಸ ಬರಂಗಿಲ್ರೀ" ಅಂದ. ನನಗೆ ಪಾಪ ಅನ್ನಿಸಿತು. ಆದರೂ ಎಲ್ಲೋ ಒಂದು ಕಡೆ ಮಿಠಾಯಿ ಅಂಗಡಿಯ ಮುಂದೆ ಅವನು ನಿಂತಿರುವ ಚಿತ್ರವೇ ಮನಸ್ಸಿನಲ್ಲಿತ್ತು. ಟ್ಯೂಬು ಕಣ್ಣೆದುರೇ ಹಳದಿಯಾಗಿರುವಾಗ ಮನುಷ್ಯನ ಮಾತನ್ನು ಯಾರು ನಂಬುತ್ತಾರೆ, ಹೇಳಿ.

ಪರೀಕ್ಷೆಯ ದಿನ ಬಂತು. ಕೊರೆಯುವ ಚಳಿ. ಆಗಿನ ಯಲಹಂಕದ ಚಳಿ ಈಗಿನ ಹುಡುಗರಿಗೆ ಗೊತ್ತಿಲ್ಲ. ಬಸ್ಸಿನಲ್ಲಿ ಎಲ್ಲರೂ ಮಫ್ಲರ್ ಸುತ್ತಿಕೊಂಡು ಮುದುರಿ ಕುಳಿತಿದ್ದೆವು. ಹೆಬ್ಬಾಳದ ಹತ್ತಿರ ಬರುವಾಗ ನೋಡುತ್ತೇನೆ, ಬಸಪ್ಪನ ಕತ್ತಿನಿಂದ ಬೆವರು ಇಳಿದು ಕಾಲರ್ ನೆನೆದಿದೆ. ಬಸ್ಸು ಎಡಕ್ಕೆ ವಾಲುತ್ತಾ ಬಲಕ್ಕೆ ಬರುತ್ತಾ ಹೋಗುತ್ತಿದೆ. ಒಂದು ಕಡೆ ಕೆರೆ ನೀರು.

ನನ್ನ ಪಕ್ಕದ ಸಾಲಿನಲ್ಲಿದ್ದ ಫಿಟ್ಟರ್ ಗೋಪಾಲ ಎದ್ದು ನಿಂತ. "ಏನ್ ಗುರು, ಯಾಕ್ ಹಿಂಗ್ ಓಡಿಸ್ತಿದೀಯ?"

"ಹಾಂ... ಹೊಂಟೇವಲ್ಲ..." ಬಸಪ್ಪನ ನಾಲಿಗೆ ತೊದಲುತ್ತಿತ್ತು. ಹೇಗೋ ಬ್ರೇಕ್ ಒತ್ತಿದ. ಬಸ್ಸು ಏರಿಯ ಅಂಚಿನಲ್ಲಿ ನಿಂತಿತು. ಸ್ಟೀರಿಂಗ್ ಮೇಲೆ ತಲೆ ಇಟ್ಟುಬಿಟ್ಟ.

ಬಸ್ಸಿನ ತುಂಬ ಗದ್ದಲ. ಯಾರೋ ಹತ್ತಿರ ಹೋಗಿ ಮೂಸಿದರು. "ಹುಳಿ ವಾಸನೆ ಕಣ್ರೀ. ಬೆಳಗ್ಗೆ ಬೆಳಗ್ಗೆನೇ ಹೆಂಡ ಏರಿಸ್ಕೊಂಡ್ ಬಂದವ್ನೆ." ಹುಳಿ ವಾಸನೆ ನಿಜ, ನನಗೂ ಬಂತು. ಏರಿಯ ಮೇಲೆ ಸೈಕಲ್ಲಿನಲ್ಲಿ ಟೀ ಮಾರುವವನೊಬ್ಬ ಇದ್ದ. ಕುಡಿದವನಿಗೆ ಇಳಿಯಲಿ ಎಂದು ಗೋಪಾಲ ಟೀ ತಂದ. "ಸಕ್ಕರೆ ಹಾಕಿದ ಟೀ ಕೊಡ್ಬೇಡ್ರೀ, ಅವರಿಗೆ ಶುಗರ್ ಇದೆ" ಎಂದು ನಾನು ಕೂಗಿಕೊಂಡೆ. ಅಷ್ಟರಲ್ಲಿ ಅವನು ಗುಟುಕು ಗುಟುಕಾಗಿ ಕುಡಿಸಿಯೇ ಬಿಟ್ಟಿದ್ದ.

ಆಮೇಲೆ ನಡೆದದ್ದೇ ನನ್ನನ್ನು ಕೊರೆಯಲು ಶುರು ಮಾಡಿದ್ದು. ಆ ಟೀ ಒಳಗೆ ಹೋಗಿ ಸ್ವಲ್ಪ ಹೊತ್ತಿಗೆ ಬಸಪ್ಪ ತಲೆ ಎತ್ತಿದ. ಬೆವರು ನಿಂತಿತ್ತು. ಸುತ್ತ ನೋಡಿ, "ಯಾಕ್ರೀ, ಬಸ್ ಯಾಕ ನಿಂತೈತಿ?" ಎಂದು ಸ್ಪಷ್ಟವಾಗಿ ಕೇಳಿದ. ಹೆಂಡದ ಅಮಲು ಒಂದು ಲೋಟ ಟೀಗೆ ಹಾಗೆ ಇಳಿಯುವುದಿಲ್ಲ. ಸಕ್ಕರೆ ಜಾಸ್ತಿಯಾಗಿ ಬಿದ್ದವನಿಗೆ ಮತ್ತಷ್ಟು ಸಕ್ಕರೆ ಕೊಟ್ಟರೆ ಏಳುವುದೂ ಇಲ್ಲ. ಹಾಗಾದರೆ ಇದೇನು?

ಬೇರೆ ಡ್ರೈವರ್ ಬಂದು ಬಸ್ಸು ಸೇರಿಸಿದ. ನಾನು ನೇರವಾಗಿ ಡಾಕ್ಟರ ರೂಮಿಗೆ ಹೋಗಿ ಎಲ್ಲ ಹೇಳಿದೆ. ಅವರು ಮೀಸೆ ಮೇಲಿನ ಕೈ ಇಳಿಸಿದರು.

"ಲಲಿತಾ, ಅದು ಕುಡಿದದ್ದಲ್ಲ. ಸಕ್ಕರೆ ತೀರಾ ಇಳಿದ್ರೆ ಹಾಗಾಗುತ್ತೆ. ಬೆವರು, ತೊದಲು, ತೂರಾಟ. ಅವನ ಮೂತ್ರ ನೋಡಿ ಬೇಗ."

ನೋಡಿದೆ. ಹಿಂದೆಂದಿಗಿಂತ ಹಳದಿ.

ಡಾಕ್ಟರು ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಬಹುಶಃ ಇದು ರಾತ್ರಿಯಿಂದ ಮೂತ್ರಕೋಶದಲ್ಲೇ ನಿಂತಿದ್ದದ್ದು. ಹಳೇ ಸುದ್ದಿ ಹೇಳ್ತಿದೆ. ಇನ್ನೊಂದು ಸಲ ಕೊಡೋಕೆ ಹೇಳಿ" ಎಂದರು. ಒಳ್ಳೆಯ ಯೋಚನೆಯೇ. ನೀರು ಕುಡಿಸಿ, ಕಾದು, ಎರಡನೆಯ ಸಲದ್ದನ್ನು ಕುದಿಸಿದೆ. ಅದೂ ಹಳದಿ. ಆ ಊಹೆ ಅಲ್ಲಿಗೆ ಬಿತ್ತು.

ಅಷ್ಟು ಹೊತ್ತಿಗೆ ಪರ್ಸೊನೆಲ್ ಆಫೀಸರ್ ರಾಮಸ್ವಾಮಿಯವರ ಮೇಜಿನ ಮೇಲೆ ಪ್ರಯಾಣಿಕರ ದೂರು ತಲುಪಿತ್ತು. ಕುಡಿದು ಬಸ್ಸು ಓಡಿಸಿದ ಆರೋಪ, ಸಸ್ಪೆನ್ಷನ್, ಮುಂದಿನ ವಾರ ವಿಚಾರಣೆ. ಆರೋಪ ನಿಂತರೆ ಕೆಲಸ ಹೋಗುವುದು ಖಂಡಿತ. ಡಾಕ್ಟರು ಹೋಗಿ ಮಾತಾಡಿದರು. ರಾಮಸ್ವಾಮಿಯವರು ನಕ್ಕು, "ನೀವು ಮಿಲಿಟರಿಯವರು ಡಾಕ್ಟ್ರೇ, ಕುಡಿಯೋರ ಮೇಲೆ ನಿಮಗೆ ಕನಿಕರ ಜಾಸ್ತಿ. ಸಕ್ಕರೆ ಇಳಿದಿತ್ತು ಅಂತೀರಿ, ನಿಮ್ಮ ಲ್ಯಾಬ್ ರಿಪೋರ್ಟೇ ಸಕ್ಕರೆ ಜಾಸ್ತಿ ಅನ್ನುತ್ತೆ. ನಾನು ಯಾವುದನ್ನ ನಂಬಲಿ?" ಎಂದು ಕೇಳಿದರಂತೆ. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾವೂ ಅದನ್ನೇ ಕೇಳಿಕೊಳ್ಳುತ್ತಿದ್ದೆವು.

ಮರುದಿನ ಬೆಳಗ್ಗೆ ಬಸಪ್ಪನನ್ನು ಖಾಲಿ ಹೊಟ್ಟೆಯಲ್ಲಿ ಕರೆಸಿ, ಒಂದೇ ಹೊತ್ತಿಗೆ ರಕ್ತವನ್ನೂ ಮೂತ್ರವನ್ನೂ ತೆಗೆದುಕೊಂಡೆವು. ರಕ್ತದ ಸಕ್ಕರೆ ನೋಡುವ ಸೌಕರ್ಯ ನಮ್ಮಲ್ಲಿರಲಿಲ್ಲ, ವ್ಯಾನಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದೆವು. ಅವನ ಕೈಗೆ ಬಿಸ್ಕತ್ತು ಕೊಟ್ಟು ಕೂರಿಸಿದೆವು. ಮಧ್ಯಾಹ್ನ ರಿಪೋರ್ಟು ಬಂತು. ರಕ್ತದಲ್ಲಿ ಸಕ್ಕರೆ ಇರಬೇಕಾದ್ದಕ್ಕಿಂತ ಕಡಿಮೆ. ನನ್ನ ಕಟ್ಟೆಯ ಮೇಲೆ ಅದೇ ಗಳಿಗೆಯ ಮೂತ್ರ, ಹಳದಿ.

"ರಕ್ತದಲ್ಲಿ ಇಲ್ಲದ ಸಕ್ಕರೆ ಮೂತ್ರಕ್ಕೆ ಎಲ್ಲಿಂದ ಬರುತ್ತೆ?" ಡಾಕ್ಟರು ಆ ದಿನ ನಿಜವಾಗಿಯೂ ಊಟದ ಡಬ್ಬಿ ತೆಗೆಯಲಿಲ್ಲ. "ಹಾಗಾದ್ರೆ ಅದು ಸಕ್ಕರೆ ಅಲ್ಲ. ನೀಲಿಯನ್ನ ಕೆಡಿಸೋ ಇನ್ನೇನೋ ಇದೆ. ಏನದು?"

ನೀಲಿ ನೀರಿಗೆ ಸಕ್ಕರೆಯ ಗುರುತು ಮಾತ್ರ ಇರುವುದಲ್ಲ, ಇನ್ನೂ ಕೆಲವು ವಸ್ತುಗಳಿಗೆ ಅದು ಹಾಗೇ ಬಣ್ಣ ಬದಲಿಸುತ್ತದೆ ಎಂದು ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದರು. ಪರೀಕ್ಷೆಗೆ ಬರೆದು ಪಾಸಾಗಿ ಮರೆತಿದ್ದೆವು. ಯಾವ ವಸ್ತು, ಬಸಪ್ಪನ ಹೊಟ್ಟೆಗೆ ಎಲ್ಲಿಂದ ಹೋಯಿತು? ಅವನನ್ನು ಕೇಳಿದರೆ "ಏನಿಲ್ರೀ" ಒಂದೇ ಉತ್ತರ. ಡಾಕ್ಟರು ಗುಳಿಗೆಯನ್ನು ತಕ್ಷಣ ಅರ್ಧಕ್ಕೆ ಇಳಿಸಿದರು. ಹೆದರಿ ನಡುಗುತ್ತಿದ್ದವನಿಗೆ ಹೇಳಿದ್ದು ತಲೆಗೆ ಹೋಯಿತೋ ಇಲ್ಲವೋ ಎಂದು, "ನೀವು ಹೋಗೋ ದಾರೀಲೇ ಅವನ ಮನೆ, ಹೆಂಡ್ತಿಗೂ ಹೇಳಿ ಬನ್ನಿ" ಎಂದು ನನ್ನನ್ನು ಕಳಿಸಿದರು.

ಸಾಯಂಕಾಲ ಕೊಡಿಗೇಹಳ್ಳಿಯಲ್ಲಿ ಇಳಿದೆ. ಈಗ ಸಹಕಾರನಗರದ ಮನೆಗಳಿರುವ ಕಡೆಯೆಲ್ಲ ಆಗ ರಾಗಿ ಹೊಲ, ಕೊಯ್ಲಾಗಿ ಬರೀ ಕೂಳೆ ಉಳಿದಿತ್ತು. ಬಸಪ್ಪ ಜಗುಲಿಯ ಮೇಲೆ ಮುಖ ಕೆಳಗೆ ಹಾಕಿ ಕುಳಿತಿದ್ದ. ಶಾಂತವ್ವ "ಬರ್ರೀ ಅಕ್ಕಾರ, ಕುಂದರ್ರಿ" ಎಂದು ಚಾಪೆ ಹಾಸಿದಳು. ಗುಳಿಗೆ ಅರ್ಧ ಮಾಡುವುದನ್ನು ಅವಳಿಗೆ ಎರಡೆರಡು ಸಲ ಹೇಳಿದೆ. ಅವಳ ಕಣ್ಣಲ್ಲಿ ನೀರು. "ನಮ್ಮವ್ರು ಹೆಂಡ ಮುಟ್ಟಿದ್ದು ನಾ ಕಂಡಿಲ್ರೀ" ಅಂದಳು. ಬರಿಗೈಲಿ ಕಳಿಸಬಾರದೆಂದು ಒಳಗೆ ಹೋಗಿ ಒಂದು ದೊಡ್ಡ ಲೋಟ ತಂದುಕೊಟ್ಟಳು. ಹಳದಿ ಬಣ್ಣ, ಹುಳಿ, ಒಗರು, ಅರಿಶಿನದ ಘಾಟು. ನನಗೆ ಹಲ್ಲು ಜುಮ್ಮೆಂದಿತು. ಮುಖ ಸಿಂಡರಿಸಿದರೆ ಅವಳಿಗೆ ಬೇಜಾರಾಗುತ್ತದೆ ಎಂದು ಪೂರಾ ಕುಡಿದೆ.

"ಏನಿದು?"

"ನೆಲ್ಲಿಕಾಯಿ ರಸ ರೀ. ದಿನಾ ಮಾಡ್ತೀನಿ. ಮೈಗೆ ಚಲೋ."

ಮೂಲೆಯಲ್ಲಿ ಬುಟ್ಟಿ ತುಂಬ ಬೆಟ್ಟದ ನೆಲ್ಲಿಕಾಯಿ. ತುಳಸಿ ಪೂಜೆಯಿಂದ ಶುರುವಾದರೆ ಚಳಿಗಾಲವೆಲ್ಲ ಅದರ ಕಾಲ. ನನ್ನ ತಲೆಗೆ ಏನೂ ಹೊಳೆಯಲಿಲ್ಲ. ಹೊಳೆಯಿತು ಎಂದು ಬರೆದುಕೊಂಡರೆ ಕಥೆಗೆ ಚೆಂದ, ಆದರೆ ಸುಳ್ಳಾಗುತ್ತದೆ. ಬರುವಾಗ ಅವಳು ಒಂದು ಬಾಟಲಿ ರಸವನ್ನೂ ಕೊಟ್ಟು ಕಳಿಸಿದಳು. ಬೆಳಗ್ಗೆ ಹೊರಡುವ ಮುಂಚೆ ಅದನ್ನೂ ಕುಡಿದೆ. ಬಿಸಾಡಲು ಮನಸ್ಸಾಗಲಿಲ್ಲ, ಅಷ್ಟೇ.

ಆ ದಿನ ನೀಲಿ ದ್ರಾವಣದ ಹೊಸ ಬಾಟಲಿ ತೆರೆದಿದ್ದೆ. ಹೊಸದನ್ನು ಬಳಸುವ ಮೊದಲು ಆರೋಗ್ಯವಾಗಿರುವ ಒಬ್ಬರ ಮೂತ್ರದಿಂದ ಸರಿನೋಡಿಕೊಳ್ಳುವುದು ನಮ್ಮ ಪದ್ಧತಿ. ಲ್ಯಾಬಿನಲ್ಲಿ ಆರೋಗ್ಯವಾಗಿರುವ ಒಬ್ಬಳು ಅಂದರೆ ನಾನೇ. ಕುದಿಸಿದೆ. ಹಸಿರಾಯಿತು. ನೋಡುತ್ತಿದ್ದಂತೆ ಹಳದಿಗೆ ತಿರುಗಿತು.

ನಮ್ಮಮ್ಮನಿಗೆ ಸಕ್ಕರೆ ಇತ್ತು, ಕಾಲು ಹುಣ್ಣಾಗಿ ಅವರು ಪಟ್ಟ ಪಾಡು ಕಂಡಿದ್ದೆ. ಈಗ ನನಗೂ ಬಂತು ಎಂದುಕೊಂಡೆ. ದ್ರಾವಣವೇ ಕೆಟ್ಟಿರಬೇಕು ಎಂಬ ಆಸೆಯಿಂದ ಆಯಾ ರತ್ನಮ್ಮನನ್ನು ಕಾಡಿ ಬೇಡಿ ಅವಳದ್ದನ್ನು ಪರೀಕ್ಷೆ ಮಾಡಿದೆ. ಸ್ವಚ್ಛ ನೀಲಿ. ದ್ರಾವಣ ಚೆನ್ನಾಗಿದೆ, ಕೆಟ್ಟಿರುವುದು ನಾನು. ಆಗ ಹಲ್ಲಿನ ಸಂದಿಯಲ್ಲಿ ಇನ್ನೂ ಉಳಿದಿದ್ದ ಹುಳಿ ನಾಲಿಗೆಗೆ ತಗುಲಿತು. ಅದೇ ಹುಳಿ, ಕೆರೆ ಏರಿಯ ಮೇಲೆ ಬಸಪ್ಪನ ಬಾಯಿಂದ ಬಂದ ವಾಸನೆ.

ನಾನು ಡಾಕ್ಟರ ರೂಮಿಗೆ ಓಡಿದ್ದು ನೋಡಿ ರೋಗಿಗಳೆಲ್ಲ ಎದ್ದು ನಿಂತರಂತೆ.

ಡಾಕ್ಟರು ಪೂರ್ತಿ ಕೇಳಿದರು. ನಂಬಲಿಲ್ಲ, ತಳ್ಳಿಯೂ ಹಾಕಲಿಲ್ಲ. "ನೀವು ರಸ ಬಿಟ್ಟು ನಾಳೆ ಮತ್ತೆ ನೋಡಿ. ಇನ್ನೊಂದು ಬಾಟಲಿ ತರಿಸಿ, ನಾಳೆ ನಾನು ಕುಡೀತೀನಿ" ಅಂದರು. ಮರುದಿನ ನನ್ನದು ನೀಲಿ, ಅವರದು ಹಳದಿಗೆ ತಿರುಗಿದ ಹಸಿರು. ತಮ್ಮ ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡು ಆ ಮೀಸೆಯ ಮನುಷ್ಯ ಚಿಕ್ಕ ಹುಡುಗನ ಹಾಗೆ ಕಾರಿಡಾರಿನಲ್ಲಿ ಓಡಾಡಿದರು. ನೆಲ್ಲಿಯಲ್ಲಿರುವ ಸಿ ವಿಟಮಿನ್ನು ಬೇಕಾದ್ದಕ್ಕಿಂತ ಹೆಚ್ಚಾದರೆ ಮೂತ್ರದಲ್ಲಿ ಹೊರಬರುತ್ತದೆ, ಅದೇ ನೀಲಿಯನ್ನು ಕೆಡಿಸುತ್ತದೆ ಎಂದು ಪುಸ್ತಕ ತೆಗೆದು ತೋರಿಸಿದರು. ಪುಸ್ತಕದಲ್ಲಿ ಒಂದೇ ಸಾಲು ಇತ್ತು.

ಬಸಪ್ಪನನ್ನು ಕರೆಸಿದರು. ಈ ಸಲ ಗದರಲಿಲ್ಲ. "ಬಸಪ್ಪ, ನೆಲ್ಲಿಕಾಯಿ ರಸ ಯಾರು ಹೇಳಿದ್ದು?"

ಅವನು ನನ್ನ ಮುಖ ನೋಡಿದ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎನಿಸಿರಬೇಕು. ತಣಿಸಂದ್ರದ ಮುನಿಶಾಮಪ್ಪ ಎಂಬ ಹಿರಿಯರು ಕೊಟ್ಟ ಮದ್ದು ಅದು ಎಂದ. ಬೆಳಗ್ಗೆ ನೆಲ್ಲಿ ರಸಕ್ಕೆ ಅರಿಶಿನ, ಸಂಜೆ ಹಾಗಲಕಾಯಿ ರಸ. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಕೊನೆಗೆ ಹೇಳಿದ. ಪರೀಕ್ಷೆಯ ದಿನ ಟ್ಯೂಬು ನೀಲಿ ಬರಲಿ ಎಂದು ರೊಟ್ಟಿ ಬಿಟ್ಟು, ನೆಲ್ಲಿ ರಸ ಮಾತ್ರ ದುಪ್ಪಟ್ಟು ಕುಡಿದು ಬರುತ್ತಿದ್ದನಂತೆ.

ಡಾಕ್ಟರು ಕಣ್ಣು ಮುಚ್ಚಿಕೊಂಡರು. ಎಲ್ಲ ಒಂದರ ಹಿಂದೊಂದು ಸಾಲಾಗಿ ನಿಂತಿತು. ರಸ ಕುಡಿದಷ್ಟೂ ಟ್ಯೂಬು ಹಳದಿ. ಹಳದಿಯಾದಷ್ಟೂ ಡಾಕ್ಟರು ಗುಳಿಗೆ ಹೆಚ್ಚಿಸಿದರು. ಗುಳಿಗೆ ಹೆಚ್ಚಾದರೂ ಟ್ಯೂಬು ಸರಿಹೋಗದೆ ಅವನು ಮತ್ತಷ್ಟು ರಸ ಕುಡಿದ. ಮೇಲೆ ಹಾಗಲಕಾಯಿ, ಮೇಲೆ ಖಾಲಿ ಹೊಟ್ಟೆ.

ಮುನಿಶಾಮಪ್ಪನವರನ್ನೂ ನೋಡಲೇಬೇಕು ಎಂದು ಡಾಕ್ಟರು ಹಟ ಹಿಡಿದರು. ಹೇಳಿ ಕಳಿಸಿದೆವು, ಅವರು ಬಂದರು. ತೋಟದ ಕೆಲಸದ ಮುದುಕರು, ಮದ್ದು ಕೊಟ್ಟದ್ದಕ್ಕೆ ಎಲೆ ಅಡಿಕೆ ಬಿಟ್ಟು ಬೇರೇನೂ ತೆಗೆದುಕೊಳ್ಳದವರು. ಡಾಕ್ಟರ ಎದುರು ಕುರ್ಚಿ ಕೊಟ್ಟರೂ ಕೂರದೆ ನಿಂತೇ ಕೇಳಿಸಿಕೊಂಡರು.

"ನಾನ್ ಏಳಿದ್ದು ಸಣ್ ಲೋಟ ಸಾಮಿ, ಅದ್ನೂ ಊಟ ಬುಡಬ್ಯಾಡ ಅಂದಿದ್ದೆ. ಇಂಗ್ಲಿಸ್ ಗುಳ್ಗೆ ಬುಟ್ಟಿದೀನಿ ಅಂತ ಇವ್ನೇ ಅಂದ. ಬುಟ್ಟಿಲ್ಲ ಅಂದಿದ್ರೆ ಆಗಲಕಾಯಿ ಕೊಡ್ತಿರ್ನಿಲ್ಲ. ಎರಡೂ ಸೇರುದ್ರೆ ಕಣ್ ಕತ್ಲೆ ಬತ್ತದೆ, ನಾನ್ ಕಂಡಿವ್ನಿ."

"ಬೇರೆ ಔಷಧಿ ತಗೊಳ್ತಿಲ್ಲ ಅಂತ ನನ್ನ ಹತ್ರಾನೂ ಇವನೇ ಅಂದ" ಎಂದರು ಡಾಕ್ಟರು.

ಇಬ್ಬರೂ ಬಸಪ್ಪನ ಕಡೆ ತಿರುಗಿದರು. ಅವನ ಕಣ್ಣು ತುಂಬಿ ಬಂದಿತ್ತು. "ನೀವೂ ದೊಡ್ಡವ್ರು, ಅವ್ರೂ ದೊಡ್ಡವ್ರು. ಯಾರ ಮಾತ ಮೀರ್ಲಿ? ಇಬ್ಬರ ಮುಂದೂ ಸುಳ್ಳು ಹೇಳಿ, ಇಬ್ಬರ ಮಾತೂ ಕೇಳೀನ್ರಿ."

ಡಾಕ್ಟರು ಎದ್ದು ಮುದುಕರ ಕೈ ಹಿಡಿದು ಕುರ್ಚಿಯ ಮೇಲೆ ಕೂರಿಸಿ, "ಹಾಗಲಕಾಯಿ ಎಷ್ಟು ಇಳಿಸುತ್ತೆ, ನನ್ನ ಗುಳಿಗೆ ಎಷ್ಟು ಇಳಿಸ್ತು, ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿರೋದು ಹೇಳಿ" ಎಂದು ಕೇಳಿದರು. ಆ ಮಧ್ಯಾಹ್ನ ಅವರಿಬ್ಬರೂ ಮಾತಾಡಿದ್ದನ್ನು ನಾನು ಬಾಗಿಲಲ್ಲೇ ನಿಂತು ಕೇಳಿದೆ. ಕೆಲವು ಕಡೆ ಒಪ್ಪಿದರು, ಕೆಲವು ಕಡೆ ಜಗಳವಾಡಿದರು. ಗುಳಿಗೆ ನಡೆಯುವಷ್ಟು ದಿನ ಹಾಗಲ ರಸ ಬೇಡ, ನೆಲ್ಲಿ ಚಟ್ನಿ ಉಪ್ಪಿನಕಾಯಿಯಷ್ಟು ಇರಲಿ, ಲೋಟಗಟ್ಟಲೆ ಬೇಡ, ಇಬ್ಬರಿಗೂ ಹೇಳದೆ ಯಾವುದನ್ನೂ ಶುರು ಮಾಡಬಾರದು, ಬಿಡಲೂ ಬಾರದು ಎಂಬಲ್ಲಿಗೆ ಇತ್ಯರ್ಥವಾಯಿತು.

ಉಳಿದದ್ದು ರಾಮಸ್ವಾಮಿಯವರು. ಡಾಕ್ಟರು ಅವರಿಗೆ ವಾದ ಹೇಳಲೇ ಇಲ್ಲ. ಶಾಂತವ್ವನಿಂದ ಮತ್ತೊಂದು ಬಾಟಲಿ ರಸ ತರಿಸಿ ಕೊಟ್ಟು, "ಇದನ್ನ ಬೆಳಗ್ಗೆ ಕುಡಿದು ಬನ್ನಿ, ಆಮೇಲೆ ಲಲಿತಾಗೆ ಸ್ಯಾಂಪಲ್ ಕೊಡಿ" ಎಂದಷ್ಟೇ ಹೇಳಿದರು. ಅವರ ಕಣ್ಣೆದುರೇ ಕುದಿಸಿದೆ. ಬಣ್ಣ ತಿರುಗುತ್ತಿದ್ದ ಹಾಗೆ ಅವರ ಮುಖದ ಬಣ್ಣವೂ ಇಳಿಯಿತು. "ನಂಗೂ ಶುಗರ್ರಾ ಡಾಕ್ಟ್ರೇ? ನಮ್ಮಪ್ಪನಿಗೂ ಇತ್ತು" ಎಂದರು. ಡಾಕ್ಟರು ಅವರನ್ನು ಸ್ವಲ್ಪ ಹೊತ್ತು ಹಾಗೇ ಒದ್ದಾಡಲು ಬಿಟ್ಟರು. ಆಮೇಲೆ ರಕ್ತದ ರಿಪೋರ್ಟನ್ನು ಮುಂದಿಟ್ಟು ಎಲ್ಲ ಬಿಡಿಸಿ ಹೇಳಿದರು. ಆರೋಪ ಬಿದ್ದುಹೋಯಿತು. ಒಂದು ತಿಂಗಳು ಬಸಪ್ಪ ಶೆಡ್ಡಿನಲ್ಲಿ ಕೆಲಸ ಮಾಡಬೇಕು, ರಕ್ತ ಪರೀಕ್ಷೆ ಸರಿಬಂದರೆ ಮತ್ತೆ ಬಸ್ಸು ಎಂದಾಯಿತು.

ಇದಾದ ಮೇಲೆ ನಮ್ಮ ಕೆಲಸದ ರೀತಿಯೇ ಬದಲಾಯಿತು. "ಬೇರೆ ಔಷಧಿ ತಗೋತೀರಾ?" ಎಂದು ಕೇಳುವುದನ್ನು ಡಾಕ್ಟರು ಬಿಟ್ಟರು. ಅದಕ್ಕೆ "ಇಲ್ಲ" ಬಿಟ್ಟು ಬೇರೆ ಉತ್ತರವೇ ಬರುವುದಿಲ್ಲ. "ಬೆಳಗ್ಗೆ ಎದ್ದಾಗಿನಿಂದ ಬಾಯಿಗೆ ಏನೇನು ಹೋಯ್ತು?" ಎಂದು ಶುರು ಮಾಡಿದರು, ಅದೂ ನಗುತ್ತಾ. ನಗುವುದು ಅವರಿಗೆ ಅಭ್ಯಾಸವಿರಲಿಲ್ಲ, ಮೊದಮೊದಲು ಜನ ಇನ್ನೂ ಹೆದರುತ್ತಿದ್ದರು.

ಆ ಪ್ರಶ್ನೆಗೆ ಏನೇನು ಹೊರಬಂತು ಅಂತೀರಿ. ಸ್ಟೋರ್ಸ್‌ನ ವೆಂಕಟರಾಮಯ್ಯನವರಿಗೆ ಎಷ್ಟು ಗುಳಿಗೆ ಕೊಟ್ಟರೂ ಬಿ.ಪಿ. ಇಳಿಯುತ್ತಿರಲಿಲ್ಲ. ಆರ್.ಟಿ. ನಗರದ ಭಜನಾ ಮಂಡಳಿಯಲ್ಲಿ ಹಾಡುವವರು ಅವರು. ಗಂಟಲಿಗೆ ಒಳ್ಳೆಯದೆಂದು ದಿನವಿಡೀ ಜ್ಯೇಷ್ಠಮಧುವಿನ ಕಡ್ಡಿ ಅಗಿಯುತ್ತಿದ್ದರು. ಅದು ರಕ್ತದೊತ್ತಡ ಏರಿಸುತ್ತದೆ. ಬಿಡಿಸಿದ ಕೆಲವು ವಾರಕ್ಕೆ ಅದೇ ಗುಳಿಗೆ ಕೆಲಸ ಮಾಡಿತು. ಅವರು ಮಾತ್ರ ತಮ್ಮ ಶಾರೀರ ಹಾಳಾದದ್ದು ನಮ್ಮಿಂದಲೇ ಎಂದು ಕೊನೆಯವರೆಗೂ ದೂರಿದರು. ಅವರ ಹಾಡು ಕೇಳಿದ್ದೇನೆ, ಹಾಳಾಗಲು ಹೆಚ್ಚೇನೂ ಇರಲಿಲ್ಲ.

ಎಂಬತ್ತರ ದಶಕದಲ್ಲಿ ನೀಲಿ ನೀರು ಹೋಗಿ ಅದ್ದಿ ತೆಗೆಯುವ ಕಾಗದದ ಪಟ್ಟಿ ಬಂತು. ಸಕ್ಕರೆಯನ್ನೇ ಗುರುತಿಸುವ ಪಟ್ಟಿ, ಇನ್ನು ನೆಲ್ಲಿಕಾಯಿಯ ಕಾಟವಿಲ್ಲ ಎಂದರು ತಂದವರು. ನನಗೆ ಸುಮ್ಮನಿರಲು ಆಗುತ್ತದೆಯೇ? ಸಕ್ಕರೆ ಇರುವ ಮೂತ್ರಕ್ಕೆ, ನೆಲ್ಲಿ ರಸ ಕುಡಿದು ಬಂದ ನನ್ನ ಮೂತ್ರ ಬೆರೆಸಿ ಪಟ್ಟಿ ಅದ್ದಿದೆ. ಬಣ್ಣ ಹತ್ತಲೇ ಇಲ್ಲ. ನೀಲಿ ನೀರು ಇಲ್ಲದ ಸಕ್ಕರೆಯನ್ನು ತೋರಿಸಿತ್ತು, ಹೊಸ ಪಟ್ಟಿ ಇರುವ ಸಕ್ಕರೆಯನ್ನು ಬಚ್ಚಿಟ್ಟಿತು. ಅದಕ್ಕೇ ಮಗಳೇ, ಯಂತ್ರ ಬದಲಾದರೆ ಅದರ ದಡ್ಡತನವೂ ಬದಲಾಗುತ್ತದೆ, ಅದನ್ನು ಮೊದಲು ತಿಳಿದುಕೋ. ಗಿಡಮೂಲಿಕೆ ತಾನೇ, ಏನೂ ಮಾಡುವುದಿಲ್ಲ ಎನ್ನುವವರನ್ನು ನಂಬಬೇಡ. ಏನೂ ಮಾಡದಿದ್ದರೆ ಜನ ಯಾಕೆ ಕುಡಿಯುತ್ತಿದ್ದರು?

ಬಸಪ್ಪ ಬಸ್ಸಿಗೆ ಮರಳಿದ ಬೆಳಗನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೇನೆ.

ಯಲಹಂಕದಲ್ಲಿ ಬಸ್ಸು ಬಂದು ನಿಂತಿತು. ಸ್ಟೀರಿಂಗಿನಲ್ಲಿ ಬಸಪ್ಪನನ್ನು ಕಂಡು ಯಾರೂ ಹತ್ತಲಿಲ್ಲ. ಆರೋಪ ಬಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಆದರೆ ಕೆರೆ ಏರಿ ಎಲ್ಲರ ಕಣ್ಣ ಮುಂದಿತ್ತು. ಗೋಪಾಲ ನನ್ನ ಕಡೆ ನೋಡಿದ. ನನಗೂ ಭಯವಿತ್ತು, ಇರಲಿಲ್ಲ ಅಂದರೆ ದೇವರು ಮೆಚ್ಚುವುದಿಲ್ಲ. ರಿಪೋರ್ಟುಗಳನ್ನೆಲ್ಲ ನಾನೇ ನೋಡಿದ್ದರೂ ಕಾಲು ಮೇಲೇಳಲಿಲ್ಲ. ಟ್ಯೂಬನ್ನು ನಂಬಿ ಒಮ್ಮೆ ಮೋಸ ಹೋದವಳು ನಾನು, ಈ ಸಲ ನಂಬಬೇಕಾದದ್ದು ಮನುಷ್ಯನನ್ನು.

ಹತ್ತಿ ನನ್ನ ಸೀಟಿನ ಹತ್ತಿರ ನಿಂತೆ. ಬಸಪ್ಪ ಎಂಜಿನ್ ಆರಿಸಿ ಹಿಂದಕ್ಕೆ ತಿರುಗಿದ. ಬಾಗಿಲ ಹೊರಗೆ ನಿಂತವರಿಗೂ ಕೇಳುವ ಹಾಗೆ ಹೇಳಿದ: "ಅಕ್ಕಾರ, ಎರಡು ರೊಟ್ಟಿ, ಬ್ಯಾಳಿ ಪಲ್ಯ, ಅರ್ಧ ಗುಳಿಗಿ. ಮತ್ತೇನೂ ಇಲ್ರೀ."

ನಾನು ಕುಳಿತುಕೊಂಡೆ. ಒಬ್ಬೊಬ್ಬರಾಗಿ ಉಳಿದವರು ಹತ್ತಿದರು. ಕೆರೆ ಏರಿಯ ಮೇಲೆ ಬಸ್ಸು ನೆಟ್ಟಗೆ ಹೋಯಿತು.

ಮರುದಿನವೂ ಕೀಲಿ ತಿರುಗಿಸುವ ಮೊದಲು ಹಿಂದೆ ತಿರುಗಿ ಹೇಳಿದ. ಅದರ ಮರುದಿನವೂ. ವರ್ಷಗಳಾದ ಮೇಲೆ, "ಸಾಕು ಬಸಪ್ಪ, ಇನ್ನು ಹೇಳೋದು ಬೇಡ" ಎಂದರೆ, "ಹೇಳ್ಲಾರದ ಹೋದ್ರ ಗಾಡಿ ಸ್ಟಾರ್ಟ್ ಆಗಂಗಿಲ್ರೀ" ಎಂದು ನಗುತ್ತಿದ್ದ. ನಾನು ನಿವೃತ್ತಿಯಾದ ದಿನ ಸಂಜೆ ಬಸ್ಸಿನಿಂದ ಇಳಿಯುವಾಗ ಅವನು ನನ್ನ ಕೈಗೆ ಒಂದು ಪೊಟ್ಟಣ ಕೊಟ್ಟ. ಶಾಂತವ್ವ ಕಳಿಸಿದ ನೆಲ್ಲಿಕಾಯಿ ಅಡಿಕೆ, ಉಪ್ಪು ಹಾಕಿ ಒಣಗಿಸಿದ್ದು.

"ತಿನ್ರಿ ಅಕ್ಕಾರ" ಅಂದ. "ಆದ್ರ ಡಾಕ್ಟರ್‌ಗೆ ಹೇಳಿ ತಿನ್ರಿ."